ಕಾಳ್ಗಿಚ್ಚು ಮತ್ತು ಕನ್ನಡ ಕಾವ್ಯ

ಮಾಘವು ಕಳೆದು ಫಾಲ್ಗುಣವು ಕಾಲಿಡುವ ಹೊತ್ತಿಗೆ ಹಾಸನದ ಸೀಮೆಯಲ್ಲಿ ಬೆಟ್ಟದ ಹುಲ್ಲು ಬಣ್ಣಗೆಡುವುದು. ಚನ್ನರಾಯಪಟ್ಟಣದ ಕಡೆಯ ಬೋರೆಗಳಲ್ಲಿ ತೇವವೇ ಕಡಿಮೆ; ಹೊಳೆನರಸೀಪುರ ಅರಕಲಗೂಡುಗಳಲ್ಲಿ ಹೇಮಾವತಿ ಕಾವೇರಿಗಳ ದಡವೊಂದನ್ನು ಬಿಟ್ಟರೆ ಉಳಿದ ನೆಲವು ಬಿರಿದು ಬಾಯ್ಬಿಡುವುದು; ಮಳೆಯ ತವರೆನಿಸಿದ ಸಕಲೇಶಪುರದಲ್ಲಿಯೂ ಘಟ್ಟದ ನೆತ್ತಿಯ ಹುಲ್ಲುಗಾವಲುಗಳು ಒಣಗಿ ನಿಲ್ಲುವುವು. ಕಾಮನ ಹುಣ್ಣಿಮೆಯ ಆಚೀಚೆ ಇರುಳಿನಲ್ಲಿ ದೂರದ ಗುಡ್ಡದ ಮೇಲೆ ಕೆಂಪು ಗೆರೆಯೊಂದು ಹರಿದಾಡುವುದು ಈ ನಾಡಿನವರಿಗೆ ಹೊಸ ನೋಟವಲ್ಲ. ಆದರೆ ಕಣ್ಣಿಗೆ ಹಳೆಯದಾದ ಈ ನೋಟವು ಕಾವ್ಯಕ್ಕೆ ಎಷ್ಟರಮಟ್ಟಿಗೆ ವಿಷಯವಾಗಿದೆಯೆಂಬುದು ವಿಚಾರಾರ್ಹವಾದ ಸಂಗತಿ.

ಈ ವಿಚಾರವು ಕೇವಲ ಪಾಂಡಿತ್ಯದ ವಿನೋದವಲ್ಲ. ೨೦೧೯ನೆಯ ಇಸವಿಯ ಫೆಬ್ರವರಿಯಲ್ಲಿ ಬಂಡೀಪುರದ ಅರಣ್ಯಕ್ಕೆ ಬಿದ್ದ ಬೆಂಕಿಯು ನಾಲ್ಕೈದು ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಮೀರಿದ ಕಾಡನ್ನು ಬೂದಿಮಾಡಿತು. ಕಡೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ಮೇಲಿನಿಂದ ನೀರು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮುಂಚೆ, ೨೦೧೭ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿಯನ್ನು ನಂದಿಸಲು ಹೋದ ಅರಣ್ಯರಕ್ಷಕನೊಬ್ಬನು ಅದರಲ್ಲಿಯೇ ಬೆಂದುಹೋದನು. ೨೦೨೩ರ ಫೆಬ್ರವರಿಯಲ್ಲಿ ಹಾಸನ ಜಿಲ್ಲೆಯದೇ ಆದ ಸಕಲೇಶಪುರದ ಕಾಡುಮನೆಯ ಕಡೆಯಲ್ಲಿ ಉರಿಗೆ ಸಿಕ್ಕಿದ ಅರಣ್ಯದ ನೌಕರರಲ್ಲಿ ಒಬ್ಬನು ಸುಟ್ಟ ಗಾಯಗಳಿಂದ ತೀರಿಕೊಂಡನು. ಇವು ಸಿಡಿಲಿನಿಂದ ಹುಟ್ಟಿದ ಬೆಂಕಿಗಳಲ್ಲ. ಸಿಡಿಲು ಮಳೆಯ ಸಂಗಡ ಬರುವುದು. ಈ ಬೆಂಕಿಯಾದರೋ ಮೋಡವಿಲ್ಲದ ತಿಂಗಳಿನದು. ಹೊಸ ಹುಲ್ಲು ಚಿಗುರಲೆಂದು ಗೀರಿದ ಕಡ್ಡಿ, ಜೇನು ಬಿಡಿಸಲು ಹಚ್ಚಿದ ಸೂಡಿ, ಎಸೆದ ಬೀಡಿ, ಹಗೆತನ: ಇವೇ ಇದರ ತಾಯಿಬೇರು. ಒಣಗಿದ ಬಿದಿರು, ಬೀಡುಬಿಟ್ಟ ಲಂಟಾನದ ಪೊದೆಗಳು ಇದಕ್ಕೆ ಹವಿಸ್ಸು.

ಹೀಗಿರಲು, ಕಾಡನ್ನು ಅಷ್ಟಾಗಿ ಬಣ್ಣಿಸಿದ ನಮ್ಮ ಕವಿಗಳು ಕಾಡಿನ ಈ ಮರಣವನ್ನು ಹೇಗೆ ಕಂಡರು? ಮೊದಲು ಲಕ್ಷಣಗ್ರಂಥಗಳನ್ನು ನೋಡತಕ್ಕದ್ದು. ದಂಡಿಯು ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ ಮೊದಲಾದವುಗಳುಂಟು. ದಾವಾನಲಕ್ಕೆ ಪ್ರತ್ಯೇಕವಾದ ಸ್ಥಾನವಿಲ್ಲ. ಆದುದರಿಂದ ಅದು ಗ್ರೀಷ್ಮವರ್ಣನೆಯ ಬಾಲವಾಗಿಯೋ ಉಪಮಾನವಾಗಿಯೋ ಕಾವ್ಯವನ್ನು ಹೊಗುವುದು. ವೀರನು ಶತ್ರುಸೇನೆಯನ್ನು ಹೊಕ್ಕರೆ ಕಾಳ್ಗಿಚ್ಚು, ವಿರಹವು ಮೈಯನ್ನು ಸುಟ್ಟರೆ ಕಾಳ್ಗಿಚ್ಚು, ಸಂಸಾರವು ಜೀವನನ್ನು ಬಾಧಿಸಿದರೆ ಕಾಳ್ಗಿಚ್ಚು. ಉಪಮಾನವಾಗಿ ಸಾವಿರ ಬಾರಿ ಉರಿದ ಈ ಬೆಂಕಿಯು ಉಪಮೇಯವಾಗಿ ಬಂದುದು ಅತಿ ವಿರಳ. ಉಪಮಾನವೆಂಬುದು ಪ್ರಸಿದ್ಧವಾದುದರಿಂದ ಅದನ್ನು ಮತ್ತೆ ನೋಡುವ ಶ್ರಮವನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಮನೋಹರವಾದ ಅಪವಾದವೊಂದು ಕಾಳಿದಾಸನದೆಂದು ಸಂಪ್ರದಾಯವು ಹೇಳುವ ಋತುಸಂಹಾರದಲ್ಲಿದೆ. ಅದರ ಮೊದಲನೆಯ ಸರ್ಗವು ಬೇಸಗೆಯದು. ಸರ್ಗದ ಕೊನೆಯಲ್ಲಿ ಕಾಡಿಗೆ ಬೆಂಕಿ ಬೀಳುವುದು; ಆನೆ, ಕಾಡುಕೋಣ, ಸಿಂಹಗಳು ಬೆಂದ ಮೈಯಿಂದ ಹಗೆತನವನ್ನು ಮರೆತು, ಸ್ನೇಹಿತರು ಕೂಡಿ ನಡೆವಂತೆ ಪೊದೆಯಿಂದ ಹೊರಟು ನದಿಯ ವಿಶಾಲವಾದ ಮಳಲದಿಣ್ಣೆಯನ್ನು ಸೇರುವುವು. ಇಲ್ಲಿ ಬೆಂಕಿಯು ಯಾವುದಕ್ಕೂ ಹೋಲಿಕೆಯಲ್ಲ, ಬೆಂಕಿಯೇ ಆಗಿದೆ. ಹೋಲಿಕೆಯು ಬಂದಿರುವುದು ಪ್ರಾಣಿಗಳ ಸಂಕಟವನ್ನು ತಿಳಿಸುವುದಕ್ಕೆ. ಅಲಂಕಾರವು ರಸಕ್ಕೆ ಅಂಗವಾಗಬೇಕೆಂದು ಆನಂದವರ್ಧನನು ಹೇಳಿದ ತತ್ತ್ವಕ್ಕೆ ಇದಕ್ಕಿಂತ ಸರಳವಾದ ಉದಾಹರಣೆಯನ್ನು ಹುಡುಕುವುದು ಕಷ್ಟ.

ಇನ್ನು ಕಾಳ್ಗಿಚ್ಚಿನ ಮಹಾಪ್ರಕರಣವೆಂದರೆ ಭಾರತದ ಆದಿಪರ್ವದ ಖಾಂಡವದಹನ. ಶ್ವೇತಕಿರಾಜನ ಯಜ್ಞದಲ್ಲಿ ಹನ್ನೆರಡು ವರ್ಷ ತುಪ್ಪವನ್ನುಂಡು ಅಜೀರ್ಣಗೊಂಡ ಅಗ್ನಿಯು ಔಷಧಕ್ಕಾಗಿ ಖಾಂಡವವನವನ್ನು ಬೇಡುವನು. ಅರ್ಜುನನು ಗಾಂಡೀವವನ್ನೂ ರಥವನ್ನೂ ಪಡೆದು ಕೃಷ್ಣನೊಡನೆ ಕಾವಲು ನಿಲ್ಲುವನು. ಕಾಡನ್ನು ಉಳಿಸಲು ಇಂದ್ರನು ಸುರಿದ ಮಳೆಯನ್ನು ಬಾಣಗಳ ಚಪ್ಪರದಿಂದ ತಡೆಯುವನು. ಉಳಿದ ಜೀವಗಳು ಆರೇ ಆರು: ಮಯ, ತಕ್ಷಕನ ಮಗ ಅಶ್ವಸೇನ, ಶಾರ್ಙ್ಗಕಪಕ್ಷಿಯ ನಾಲ್ಕು ಮರಿಗಳು. ಇಲ್ಲೊಂದು ವೈಚಿತ್ರ್ಯವನ್ನು ಗಮನಿಸಬೇಕು. ಮಳೆ ಹೋದ ವರ್ಷ ನಮ್ಮ ಹಳ್ಳಿಗಳಲ್ಲಿ ಗಮಕಿಗಳನ್ನು ಕರೆಯಿಸಿ ವಿರಾಟಪರ್ವವನ್ನು ಓದಿಸುವ ಪದ್ಧತಿಯುಂಟು. ಯಾವ ಭಾರತವನ್ನು ಮಳೆಗಾಗಿ ಓದಿಸುವೆವೋ ಅದೇ ಭಾರತದಲ್ಲಿ, ಉರಿಯುವ ಕಾಡಿನ ಮೇಲೆ ಬಂದ ಮಳೆಯನ್ನು ತಡೆದುದು ನಾಯಕನ ಕೀರ್ತಿಯಾಗಿದೆ. ಕೇಳುವವರು ಇವೆರಡನ್ನೂ ಒಂದೇ ಭಕ್ತಿಯಿಂದ ಕೇಳುವರು. ಎರಡನ್ನೂ ಎದುರುಬದುರಾಗಿ ಇಟ್ಟು ನೋಡುವ ಕೆಲಸವು ವಿಮರ್ಶೆಗೆ ಸೇರಿದುದು.

ಪಂಪನನ್ನು ತೆಗೆದುಕೊಳ್ಳೋಣ. ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ತೀರ್ಥಯಾತ್ರೆಗೆ ಹೊರಟ ಅರ್ಜುನನು ಬನವಾಸಿಯನ್ನು ಕಾಣುವನು. ಆ ನಾಡಿನಲ್ಲಿ ಮನುಷ್ಯನಾಗಿ ಹುಟ್ಟಲಾಗದಿದ್ದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದು ಹಾರೈಸುವ ಆ ಪದ್ಯಗಳನ್ನು ಅರಿಯದ ಕನ್ನಡಿಗನಿಲ್ಲ. ಅದರ ಮುಂದಿನ ಆಶ್ವಾಸದಲ್ಲಿ ಅದೇ ಅರ್ಜುನನು ಖಾಂಡವವನ್ನು ಸುಡಿಸುವನು. ದುಂಬಿಯಾಗಲು ಬಯಸಿದ ಹೃದಯವು ದುಂಬಿಗಳು ಬೇಯುವಲ್ಲಿ ಏಕೆ ತಡೆಯಲಿಲ್ಲ? ಕಾರಣವು ಸ್ಪಷ್ಟವಾಗಿದೆ. ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿದ್ದಾನೆ. ಖಾಂಡವದಲ್ಲಿ ನಾಯಕನಿಗೆ ರಥವೂ ಬಿಲ್ಲೂ ದೊರೆಯುವುವು. ಅದು ಅಭ್ಯುದಯದ ಮೆಟ್ಟಿಲು. ಪದ್ಯಗಳಲ್ಲಿ ಕವಿಗೆ ಎಷ್ಟೇ ಮರುಕವಿದ್ದರೂ ಕಥೆಯ ಕಟ್ಟಡವು ಸುಡುವವನ ಪಕ್ಷದಲ್ಲಿಯೇ ನಿಂತಿರುವುದು. ಇದನ್ನು ದೋಷವೆನ್ನುವುದು ಆತುರವಾದೀತು. ಆದರೆ ಆಶ್ರಯದಾತನ ಋಣವು ಕವಿಯ ಕಣ್ಣಿಗೆ ಹಾಕಿದ ಎಲ್ಲೆಯೆಂದು ಹೇಳದೆ ಇರಲಾಗದು.

ಕುಮಾರವ್ಯಾಸನ ಸಂಗತಿ ಬೇರೆ. ಆತನಿಗೆ ಒಡೆಯನು ವೀರನಾರಾಯಣನೊಬ್ಬನೇ. ಆತನ ಕಾವ್ಯಕ್ಕೆ ಕೃಷ್ಣನೇ ಪ್ರಾಣ. ಖಾಂಡವದಲ್ಲಿಯೂ ಕೃಷ್ಣನು ಜೊತೆಗಿರುವಾಗ ಭಕ್ತನಾದವನು ಲೆಕ್ಕ ಕೇಳಲಾರನು. ಇದಕ್ಕಿಂತ ಮುಖ್ಯವಾದ ವಿಷಯವು ಇನ್ನೊಂದುಂಟು. ಕುಮಾರವ್ಯಾಸನು ಬರೆದುದು ಹತ್ತೇ ಪರ್ವಗಳು. ಗದಾಪರ್ವಕ್ಕೆ ಆತನ ಭಾರತವು ಮುಗಿಯುವುದು. ಪಂಪನ ಕಾವ್ಯವೂ ಯುದ್ಧದ ಗೆಲವಿನಲ್ಲಿ, ಪಟ್ಟಾಭಿಷೇಕದಲ್ಲಿ ಕೊನೆಗಾಣುವುದು. ಹೀಗಾಗಿ ಕನ್ನಡದ ಶ್ರೋತೃಗಳು ಶತಮಾನಗಳಿಂದ ಖಾಂಡವದ ಉರಿಯನ್ನು ಕೇಳಿದ್ದಾರೆ. ಆ ಉರಿಗೆ ವ್ಯಾಸರು ಕಡೆಯಲ್ಲಿ ಬರೆದಿಟ್ಟ ಲೆಕ್ಕವನ್ನು ಕೇಳಿದವರು ಕೆಲವರೇ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರೈಸಿದನಾದರೂ ಜನರ ಕಿವಿಯಲ್ಲಿ ನಿಂತುದು ಗದುಗಿನ ಭಾರತವೇ.

ಆ ಲೆಕ್ಕವಿರುವುದು ಆಶ್ರಮವಾಸಿಕಪರ್ವದಲ್ಲಿ. ಧೃತರಾಷ್ಟ್ರ, ಗಾಂಧಾರಿ, ಕುಂತಿ, ಸಂಜಯ ಇವರು ಕಾಡಿನಲ್ಲಿ ತಪಸ್ಸಿನಲ್ಲಿರುವಾಗ ಗಾಳಿಯೊಡನೆ ಕಾಳ್ಗಿಚ್ಚು ಬರುವುದು. ಉಪವಾಸದಿಂದ ಸೊರಗಿದ ಮುದುಕನು ಓಡಲಾರನು. ಸಂಜಯನಿಗೆ ಹೊರಟುಹೋಗೆಂದು ಹೇಳಿ, ಮೂವರೂ ಮೂಡಣಕ್ಕೆ ಮುಖಮಾಡಿ ಕುಳಿತು ಬೆಂದುಹೋಗುವರು. ನಾರದನಿಂದ ಇದನ್ನು ಕೇಳಿದ ಧರ್ಮರಾಯನು ಶೋಕದಲ್ಲಿ ಆಡುವ ಮಾತು ಭಾರತದ ಮರ್ಮವನ್ನೇ ಮುಟ್ಟುವುದು. ಖಾಂಡವದಲ್ಲಿ ಅರ್ಜುನನು ಅಗ್ನಿಯನ್ನು ತೃಪ್ತಿಪಡಿಸಿದುದು ವ್ಯರ್ಥವಾಯಿತು, ಉಪಕಾರವನ್ನು ನೆನೆಯದೆ ಆ ದೇವನು ಅರ್ಜುನನ ತಾಯಿಯನ್ನೇ ಸುಟ್ಟನಲ್ಲಾ, ಎಂದು ಆತನು ಹಲುಬುವನು. ಆದಿಪರ್ವದಲ್ಲಿ ಹಚ್ಚಿದ ಬೆಂಕಿಯು ಇಷ್ಟು ದೂರ ನಡೆದುಬಂದು ಮನೆಯ ತಾಯಿಯ ಮೈಯನ್ನು ಮುಟ್ಟಿತು. ಇದರ ಮೇಲೆ ನಾರದನು ಕೊಡುವ ಸಮಾಧಾನವು ಇನ್ನೂ ಆಳವಾದುದು: ಅದು ಬೇರೆಲ್ಲಿಂದಲೋ ಬಂದ ಬೆಂಕಿಯಲ್ಲ; ರಾಜನದೇ ಆದ ಯಜ್ಞದ ಅಗ್ನಿ. ಇಷ್ಟಿಯನ್ನು ಮುಗಿಸಿದ ಯಾಜಕರು ಅದನ್ನು ಕಾಡಿನಲ್ಲಿಯೇ ಬಿಟ್ಟು ಹೊರಟುಹೋದರು. ಅದು ಬೆಳೆದು ವನವನ್ನು ಹಿಡಿಯಿತು. ನಾರದನು ಇದನ್ನು ಸದ್ಗತಿಯ ನಿಮಿತ್ತವಾಗಿ ಹೇಳಿದನು, ನಿಜ. ಆದರೂ ಆರಿಸದೆ ಬಿಟ್ಟ ಬೆಂಕಿಯೇ ಕಾಡನ್ನು ಸುಟ್ಟಿತೆಂಬ ಸಂಗತಿಯನ್ನು ವ್ಯಾಸರು ಮರೆಮಾಚಲಿಲ್ಲ. ಮಹಾಭಾರತದ ಮುಖ್ಯರಸವು ಶಾಂತವೆಂದು ಆನಂದವರ್ಧನನು ನಿರ್ಣಯಿಸಿದುದು ಏತಕ್ಕೆಂಬುದು ಇಂಥಲ್ಲಿ ತಿಳಿಯುವುದು. ಖಾಂಡವವನ್ನು ಮಾತ್ರ ಓದಿದವನಿಗೆ ವೀರ. ಇದನ್ನೂ ಓದಿದವನಿಗೆ ಶಮ.

ಖಾಂಡವದ ಒಳಗೂ ವ್ಯಾಸರು ಒಂದು ಗೂಡನ್ನು ಉಳಿಸಿದ್ದಾರೆ. ಮಂದಪಾಲಋಷಿಯು ಶಾರ್ಙ್ಗಕಪಕ್ಷಿಯಾಗಿ ಜರಿತೆಯಲ್ಲಿ ನಾಲ್ಕು ಮರಿಗಳನ್ನು ಪಡೆದು, ಅವಳನ್ನು ಬಿಟ್ಟು ಲಪಿತೆಯ ಬಳಿಗೆ ಹೋಗಿರುವನು. ಉರಿಯು ಹತ್ತಿರಕ್ಕೆ ಬರುವಾಗ ತಾಯಿಗೆ ರೆಕ್ಕೆಯುಂಟು, ಮರಿಗಳಿಗಿಲ್ಲ. ಇಲಿಯ ಬಿಲವನ್ನು ಹೊಗಿರೆಂದು ಅವಳು ಬೇಡುವಳು. ಇಲಿಯ ಬಾಯಲ್ಲಿ ಸಾಯುವುದಕ್ಕಿಂತ ಬೆಂಕಿಯಲ್ಲಿ ಸಾಯುವುದು ಲೇಸೆಂದು ಮರಿಗಳು ಹೇಳುವುವು. ಆ ಇಲಿಯನ್ನು ಗಿಡುಗವು ಒಯ್ದುದನ್ನು ಕಂಡೆನೆಂದು ತಾಯಿ ಹೇಳಿದರೂ ನಂಬದೆ, ನೀನಾದರೂ ಬದುಕು, ಬೇರೆ ಮಕ್ಕಳಾದಾರು ಎಂದು ಅವಳನ್ನೇ ಕಳುಹಿಸುವುವು. ಕೊನೆಗೆ ಅಗ್ನಿಯು ಅವುಗಳನ್ನು ಉಳಿಸುವನು; ತಡವಾಗಿ ಬಂದ ತಂದೆಯನ್ನು ಯಾರೂ ಮಾತನಾಡಿಸುವುದಿಲ್ಲ. ದೇವತೆಗಳ ಯುದ್ಧವು ನಡೆಯುವ ಆಕಾಶದ ಕೆಳಗೆ ಇಂಥ ಮನೆಮಾತಿನ ಸಂಭಾಷಣೆಯನ್ನು ಇಟ್ಟುದು ಮಹಾಕವಿಯ ಔಚಿತ್ಯ. ಇಲ್ಲಿ ಮಾತ್ರವೇ ಖಾಂಡವವು ಒಳಗಿನಿಂದ ಕಾಣುವುದು.

ವಾಲ್ಮೀಕಿಯೂ ಇದೇ ಹಾದಿಯವನು. ಲಂಕೆಯನ್ನು ಸುಟ್ಟ ಹನುಮಂತನು ಹಿಗ್ಗುವ ಬದಲು ನಡುಗುವನು. ಕೋಪದ ಭರದಲ್ಲಿ ಸೀತೆಯನ್ನೂ ಸುಟ್ಟೆನೋ ಏನೋ ಎಂದು ತನ್ನನ್ನು ತಾನೇ ಹಳಿದುಕೊಳ್ಳುವನು. ಸುಟ್ಟದ್ದು ಕಾಡಲ್ಲ, ಪಟ್ಟಣ. ಆದರೆ ಹಚ್ಚಿದ ಕೈಯು ಪಶ್ಚಾತ್ತಾಪಪಡುವ ದೃಶ್ಯವು ಖಾಂಡವದಲ್ಲಿಲ್ಲದ್ದು, ಇಲ್ಲಿದೆ. ಕಾಳಿದಾಸನೂ ಕುಮಾರಸಂಭವದಲ್ಲಿ ಸುಟ್ಟುಹೋದ ಕಾಮನಿಗಾಗಿ ರತಿಯ ವಿಲಾಪಕ್ಕೆ ಒಂದು ಸರ್ಗವನ್ನೇ ಮೀಸಲಿಟ್ಟನು. ಬೆಂದವರಿಗಾಗಿ ಅಳುವ ಬಾಯೊಂದು ಕಾವ್ಯದಲ್ಲಿರಬೇಕೆಂಬುದು ಪ್ರಾಚೀನರಿಗೆ ತಿಳಿಯದ ವಿಷಯವಾಗಿರಲಿಲ್ಲ.

ಪುರಾಣವನ್ನು ಈ ಕಾಲದ ತಕ್ಕಡಿಯಲ್ಲಿ ತೂಗಬಾರದೆಂದು ಕೆಲವರು ಆಕ್ಷೇಪಿಸಬಹುದು. ಅಗ್ನಿಯು ದೇವತೆ, ಖಾಂಡವವು ದೈವಸಂಕಲ್ಪ, ಅಲ್ಲಿ ಅರಣ್ಯನಷ್ಟದ ಮಾತೇಕೆ ಎನ್ನಬಹುದು. ಆದರೆ ಧರ್ಮರಾಯನ ಬಾಯಿಂದ ಆ ಪ್ರಶ್ನೆಯನ್ನು ಹೊರಡಿಸಿದವರು ಈ ಕಾಲದವರಲ್ಲ, ವ್ಯಾಸರೇ. ಮರಾಠಿಯಲ್ಲಿ ಇರಾವತಿ ಕರ್ವೆಯವರು ‘ಯುಗಾಂತ’ದಲ್ಲಿ ಖಾಂಡವದಹನವನ್ನು ಭೂಮಿಗಾಗಿ ನಡೆದ ಕ್ರೂರಕೃತ್ಯವೆಂದು ನಿಷ್ಠುರವಾಗಿ ಪರೀಕ್ಷಿಸಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿದ ಭೈರಪ್ಪನವರು ೧೯೭೯ರಲ್ಲಿ ಪ್ರಕಟವಾದ ‘ಪರ್ವ’ದಲ್ಲಿ ಭಾರತದಿಂದ ದೇವತೆಗಳನ್ನು ಕಳೆದು ಮನುಷ್ಯರನ್ನು ಮಾತ್ರ ಉಳಿಸಿಕೊಂಡರು. ದೇವತೆಯನ್ನು ಕಳೆದ ಮೇಲೆ ಬೆಂಕಿಯಲ್ಲಿ ಉಳಿಯುವುದು ಹಚ್ಚಿದವನ ಕೈ, ಬೆಂದವನ ಮೈ. ಈ ದಾರಿಯೆಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ. ಆದರೆ ಆಶ್ರಮವಾಸಿಕವನ್ನು ಓದಿದವರು ಇದನ್ನು ಅಪಚಾರವೆನ್ನಲಾರರು.

ಹೊಸಗನ್ನಡಕ್ಕೆ ಕಾಡಿನ ಪರಿಚಯವು ಕಡಿಮೆಯಲ್ಲ. ಬಿಸಿಲೆಯ ಘಟ್ಟವನ್ನು ಇಳಿದರೆ ಸಿಕ್ಕುವ ಸೀಮೆಯ ಬಾಳನ್ನು ಕಾರಂತರು ೧೯೪೩ರ ‘ಬೆಟ್ಟದ ಜೀವ’ದಲ್ಲಿ ಚಿತ್ರಿಸಿದರು, ಗಿಡಮರಗಳನ್ನು ಹೆಸರು ಹಿಡಿದು ಕರೆಯುವ ಸೊಗಸನ್ನು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕಲಿಸಿತು. ಕಾಳ್ಗಿಚ್ಚನ್ನು ಬರೆಯುವವನಿಗೆ ಈ ಎರಡೂ ಬೇಕು. ದಿಂಡಿಗ, ಮತ್ತಿ, ಹೊನ್ನೆ, ಬೀಟೆಗಳು ಯಾವ ಕ್ರಮದಲ್ಲಿ ಉರಿಯುವುವು, ಉರಿದ ಮೇಲೆ ಯಾವುದು ಬುಡದಿಂದ ಚಿಗುರುವುದು, ಯಾವುದು ಇಲ್ಲ. ಬೆಂಕಿರೇಖೆಯನ್ನು ಯಾವ ತಿಂಗಳಲ್ಲಿ ಸವರುವರು. ಹಸುರು ಸೊಪ್ಪಿನ ಕೊಂಬೆಯನ್ನು ಹಿಡಿದು ಉರಿಯನ್ನು ಬಡಿಯುವವನು ಗಾಳಿ ತಿರುಗಿದಾಗ ಎತ್ತ ಓಡುವನು? ಇದೆಲ್ಲವನ್ನೂ ಬಲ್ಲವರು ಕಾವಲುಗಾರರು. ಅವರು ಬರೆಯುವುದಿಲ್ಲ, ಬರೆಯುವವರು ಅವರನ್ನು ಕೇಳುವುದಿಲ್ಲ. ಪಂಪನಿಗೆ ಅರಿಕೇಸರಿಯ ಋಣವಿದ್ದಿತು. ಈಗಿನ ಕವಿಗೆ ಅಂಥ ಋಣವಿಲ್ಲದೆಯೂ ಕಣ್ಣು ಅತ್ತ ತಿರುಗದಿರುವುದು ಹೆಚ್ಚಿನ ಲೋಪ.

ನಾಲ್ಕು ತಾಲ್ಲೂಕುಗಳ ಗಮಕಿಗಳಿಂದಲೂ ಒಂದು ಕೆಲಸವಾಗಬಹುದು. ಮಳೆ ಹೋದ ಮೇಲೆ ವಿರಾಟಪರ್ವವನ್ನು ಓದುವ ಪದ್ಧತಿಯು ಇರಲಿ. ಅದಕ್ಕೆ ಮುಂಚೆ, ಮಾಘಮಾಸದ ಕಡೆಯಲ್ಲಿ, ಹುಲ್ಲು ಒಣಗಿ ಕಡ್ಡಿಗೆ ಕಾದಿರುವ ದಿನಗಳಲ್ಲಿ, ಊರ ಗುಡಿಯ ಮುಂದೆ ಜರಿತೆಯ ಕಥೆಯನ್ನೂ ಕುಂತಿಯ ಕಡೆಗಾಲವನ್ನೂ ಓದಿ ಅರ್ಥ ಹೇಳಲಿ. ದನ ಕಾಯುವ ಹುಡುಗರೂ ಜೇನು ಕೀಳುವವರೂ ಕೇಳುವವರ ನಡುವೆ ಕುಳಿತಿರಲಿ. ಇಷ್ಟಿಯನ್ನು ಮುಗಿಸಿ ಬೆಂಕಿಯನ್ನು ಆರಿಸದೆ ಹೊರಟುಹೋದ ಯಾಜಕರ ಸಂಗತಿಗೆ ಅವರಲ್ಲಿ ಯಾರಿಗೂ ಟೀಕೆ ಬೇಕಾಗಲಾರದು.