ಉಕ್ಕಿನ ದರ್ಜೆಗಳು: ಕೋಷ್ಟಕ ಹೇಳದೇ ಬಿಟ್ಟದ್ದು

ಪಾಲಿಟೆಕ್ನಿಕ್ ಕೈಪಿಡಿಗಳ ಕೊನೆಯಲ್ಲಿ ಉಕ್ಕಿನ ದರ್ಜೆಗಳ ಕೋಷ್ಟಕವೊಂದು ಸಾಮಾನ್ಯವಾಗಿ ಇರುತ್ತದೆ. ಎಡಕ್ಕೆ ಹೆಸರು, ನಡುವೆ ಇಂಗಾಲದ ಪ್ರಮಾಣ, ಬಲಕ್ಕೆ ಸಾಮರ್ಥ್ಯದ ಒಂದು ಅಂಕಿ. ಬಾಯಿಪಾಠಕ್ಕೆ ಇದು ಅನುಕೂಲ. ಆದರೆ ಉಕ್ಕನ್ನು ನಿಜವಾಗಿ ಆಯ್ಕೆಮಾಡಬೇಕಾದವರಿಗೆ ಇದು ನೆರವಾಗುವುದಕ್ಕಿಂತ ದಾರಿ ತಪ್ಪಿಸುವುದೇ ಹೆಚ್ಚು ಎಂಬುದು ನನ್ನ ಆಕ್ಷೇಪ.

ಹೆಸರುಗಳನ್ನೇ ನೋಡಿ. ಎಫ್‌ಇ 410 ಎಂಬುದು ತೊಲೆ, ಕಂಬಗಳ ಉಕ್ಕು. ಎಫ್‌ಇ 415 ಕಾಂಕ್ರೀಟಿಗೆ ಹಾಕುವ ಸರಳು. ಎರಡೂ ಹೆಚ್ಚುಕಡಿಮೆ ಸಮಬಲದವು ಎಂದು ವಿದ್ಯಾರ್ಥಿಗೆ ತೋರಿದರೆ ಅವನ ತಪ್ಪೇನೂ ಇಲ್ಲ. ಆದರೆ 410 ಮೆಗಾಪಾಸ್ಕಲ್ ಎಂಬುದು ತುಂಡಾಗುವ ಮುನ್ನ ಉಕ್ಕು ತಾಳುವ ಗರಿಷ್ಠ ಕರ್ಷಣ ಸಾಮರ್ಥ್ಯ. 415 ಎಂಬುದು ಈಲ್ಡ್ ಸಾಮರ್ಥ್ಯ, ಅಂದರೆ ಉಕ್ಕು ಮತ್ತೆ ಮೊದಲಿನ ಉದ್ದಕ್ಕೆ ಮರಳದಂತೆ ಹಿಗ್ಗತೊಡಗುವ ಮಟ್ಟ. ಎಫ್‌ಇ 410ರ ಈಲ್ಡ್ ಸಾಮರ್ಥ್ಯ 250 ಮಾತ್ರ. ಹಲಗೆಯ ದಪ್ಪ 40 ಮಿಲಿಮೀಟರ್ ಮೀರಿದರೆ 230ಕ್ಕೆ ಇಳಿಯುತ್ತದೆ. 2007ರ ಐಎಸ್ 800 ಸಂಹಿತೆ ಹೊರೆಗೆ 1.5, ಉಕ್ಕಿಗೆ 1.1, ಒಟ್ಟು 1.65ರಷ್ಟು ಸುರಕ್ಷತೆಯ ಅಂತರವಿಡುತ್ತದೆ. 250ರ ಜಾಗದಲ್ಲಿ 410 ಬರೆದರೆ ತಪ್ಪು 1.64 ಪಟ್ಟು. ಇಟ್ಟ ಅಂತರವೆಲ್ಲ ಒಂದೇ ಏಟಿಗೆ ಮಾಯ! ಐಎಸ್ 2062 ಮಾನಕ 2006ರಲ್ಲಿ ಇದೇ ಉಕ್ಕಿಗೆ ಈಲ್ಡ್ ಆಧರಿಸಿ ಇ 250 ಎಂಬ ಹೆಸರು ಕೊಟ್ಟಿತು. ಒಳ್ಳೆಯ ಕೆಲಸವೇ, ಹಳೆಯ ಹೆಸರು ಮಾತ್ರ ಚಾಳಿಯಿಂದ ಹೋಗಿಲ್ಲ.

ಲೇತ್ ಅಂಗಡಿಗಳ ಭಾಷೆ ಬೇರೆ. ಅಲ್ಲಿ ಇಂದಿಗೂ ಹಳೆಯ ಬ್ರಿಟಿಷ್ ಮಾನಕದ ಇಎನ್ 8, ಇಎನ್ 24 ಹೆಸರುಗಳೇ ನಡೆಯುತ್ತವೆ. ಎರಡರಲ್ಲೂ ಇಂಗಾಲ ಸುಮಾರು 0.4 ಶೇಕಡ, ಇಎನ್ 24ರಲ್ಲಿ ಜೊತೆಗೆ ನಿಕೆಲ್, ಕ್ರೋಮಿಯಂ, ಮಾಲಿಬ್ಡಿನಂ ಇವೆ. ಇಎನ್ 24 ಅನ್ನು ಕಾಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಸಿದಾಗ ಅದರ ಕರ್ಷಣ ಸಾಮರ್ಥ್ಯ ಹದಕ್ಕೆ ತಕ್ಕಂತೆ 850ರಿಂದ 1550 ಮೆಗಾಪಾಸ್ಕಲ್‌ವರೆಗೂ ಬದಲಾಗಬಲ್ಲದು. ಕೋಷ್ಟಕದ ಒಂಟಿ ಅಂಕಿ ಇದರಲ್ಲಿ ಯಾವುದು? ಬೆಸುಗೆಯ ಮಾತಂತೂ ಅಲ್ಲಿ ಇರುವುದೇ ಇಲ್ಲ. ಸಾದಾ ಉಕ್ಕಿನಂತೆಯೇ ಇದನ್ನೂ ಮೊದಲು ಬಿಸಿಮಾಡದೆ ಬೆಸೆದರೆ ಬೆಸುಗೆಯ ಪಕ್ಕದ ಭಾಗ ಗಡಸಾಗಿ ಬಿರುಕುಬಿಡಬಹುದು.

ಇನ್ನೊಂದು ಭ್ರಮೆ ದುಬಾರಿಯದು. ಷಾಫ್ಟು ಬಾಗುತ್ತಿದೆ ಎಂದು ಸಾದಾ ಉಕ್ಕಿನ ಬದಲು ಇಎನ್ 24 ಹಾಕುವವರಿದ್ದಾರೆ. ಯಂಗ್ ಗುಣಾಂಕ ಎರಡಕ್ಕೂ ಸುಮಾರು 200 ಗಿಗಾಪಾಸ್ಕಲ್. ಆದ್ದರಿಂದ ಈಲ್ಡ್ ಮಿತಿಯೊಳಗೆ ಎರಡೂ ಅಷ್ಟೇ ಬಾಗುತ್ತವೆ. ಖರ್ಚು ಮಾತ್ರ ಹೆಚ್ಚು. ವ್ಯಾಸವನ್ನು 25ರಿಂದ 30 ಮಿಲಿಮೀಟರಿಗೆ ಏರಿಸಿದರೆ ಅದೇ ಹೊರೆಗೆ ಬಾಗು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ವ್ಯಾಸದ ನಾಲ್ಕನೆಯ ಘಾತ.

ಅಧ್ಯಾಪಕರು ಕೋಷ್ಟಕ ತೆರೆಯುವ ಮುನ್ನ ಎರಡು ಹೊಲಿಗೆ ಸೂಜಿಗಳನ್ನು ತರಗತಿಗೆ ತರಲಿ. ಇಕ್ಕಳದಲ್ಲಿ ಹಿಡಿದು ಎರಡನ್ನೂ ಕೆಂಪಗೆ ಕಾಸಿ, ಒಂದನ್ನು ನಿಧಾನವಾಗಿ ಆರಲು ಬಿಟ್ಟು, ಇನ್ನೊಂದನ್ನು ತಟ್ಟನೆ ತಣ್ಣೀರಿಗೆ ಅದ್ದಲಿ. ಮೊದಲನೆಯದು ತಂತಿಯಂತೆ ಬಾಗುತ್ತದೆ; ಎರಡನೆಯದು ಬಾಗಿಸಹೊರಟರೆ ಪಟ್ಟನೆ ಮುರಿಯುತ್ತದೆ. ಚೂರು ಕಣ್ಣಿಗೆ ಸಿಡಿಯದಂತೆ ಬಟ್ಟೆ ಮುಚ್ಚಿ ಮುರಿಯಿರಿ. ಎರಡೂ ಒಂದೇ ಪೊಟ್ಟಣದವು, ಕೋಷ್ಟಕದಲ್ಲಿ ಒಂದೇ ಸಾಲಿನವು.