‘ದಂತಕಸಿ’ ಎಂಬ ಶಬ್ದದ ವಿಚಾರ

ಹಲ್ಲು ಬಿದ್ದುಹೋದ, ಅಥವಾ ಹುಟ್ಟಿನಿಂದಲೇ ಹಲ್ಲು ಮೂಡದ ದವಡೆಯ ಎಲುಬಿನಲ್ಲಿ ಟೈಟಾನಿಯಮ್ ಲೋಹದ ಚಿಕ್ಕ ತಿರುಪೊಂದನ್ನು ಕೂರಿಸಿ, ಎಲುಬು ಅದನ್ನು ಬಿಗಿಯಾಗಿ ಹಿಡಿದುಕೊಂಡ ತರುವಾಯ ಅದರ ಮೇಲೆ ಕೃತಕವಾದ ಹಲ್ಲನ್ನು ನಿಲ್ಲಿಸುವ ಚಿಕಿತ್ಸೆಯೊಂದುಂಟು. ಇದಕ್ಕೆ ಕನ್ನಡದಲ್ಲಿ ‘ದಂತಕಸಿ’ ಎಂಬ ಹೆಸರು ಬಳಕೆಗೆ ಬಂದಿದೆ. ವೈದ್ಯರ ವಿಷಯಕ್ಕೆ ಸಾಹಿತ್ಯಪತ್ರಿಕೆಯಲ್ಲಿ ಎಡೆಯೇತಕ್ಕೆಂದು ವಾಚಕರು ಕೇಳಬಹುದು. ಚಿಕಿತ್ಸೆಯು ವೈದ್ಯರದಾದರೂ ಅದನ್ನು ತಿಳಿಸುವ ಮಾತು ನಮ್ಮೆಲ್ಲರದು. ತನ್ನ ಇಷ್ಟವನ್ನು ತಾನೇ ಬಿಡಿಸಿ ಹೇಳಲಾರದ ರೋಗಿಯ ಪರವಾಗಿ ತಾಯಿಯೋ ತಂದೆಯೋ ಒಪ್ಪಿಗೆಯನ್ನು ಕೊಡಬೇಕಾದಾಗ ಆ ಒಪ್ಪಿಗೆಯು ಇಂತಹ ಒಂದೆರಡು ಶಬ್ದಗಳ ಮೇಲೆಯೇ ನಿಲ್ಲುತ್ತದೆ. ಆದುದರಿಂದ ಈ ಶಬ್ದದ ಗುಣದೋಷಗಳನ್ನು ವಿಮರ್ಶಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಮೊದಲು ನಮ್ಮ ಸಾಹಿತ್ಯವು ಹಲ್ಲನ್ನು ಹೇಗೆ ಕಂಡಿದೆಯೆಂಬುದನ್ನು ನೋಡೋಣ. ಕವಿಸಮಯದಲ್ಲಿ ದಂತಪಂಕ್ತಿಯು ಮಲ್ಲಿಗೆಯ ಮೊಗ್ಗು, ಮುತ್ತಿನ ಸಾಲು, ದಾಳಿಂಬದ ಬೀಜ. ಅಂದರೆ ನೋಡುವವರ ಕಣ್ಣಿಗೆ ಒದಗಿದ ಒಂದು ಅಲಂಕಾರ. ವೈರಾಗ್ಯವನ್ನು ಬೋಧಿಸುವ ಸಾಹಿತ್ಯದಲ್ಲಿ ಹಲ್ಲಿಲ್ಲದ ಬಾಯಿಯು ಮುಪ್ಪಿನ ಗುರುತು. ಬಸವಣ್ಣನವರ ಪ್ರಸಿದ್ಧವಾದ ಒಂದು ವಚನದಲ್ಲಿಯೂ, ಶಂಕರಾಚಾರ್ಯರದೆಂದು ಹೇಳುವ ಭಜಗೋವಿಂದ ಸ್ತೋತ್ರದಲ್ಲಿಯೂ ಹಲ್ಲಿನ ನಾಶವು ನರೆತ ಕೂದಲಿನ ಜೊತೆಯಲ್ಲಿಯೇ ಎಣಿಕೆಗೆ ಬಂದಿದೆ. ಹಲ್ಲಿನ ಕೆಲಸವನ್ನು ಗಮನಿಸಿದವರು ಕವಿಗಳಿಗಿಂತ ಹೆಚ್ಚಾಗಿ ವರ್ಣಶಿಕ್ಷೆಯ ಆಚಾರ್ಯರು. ಅವರು ವರ್ಣಗಳು ಹುಟ್ಟುವ ಸ್ಥಾನಗಳಲ್ಲಿ ಹಲ್ಲನ್ನೂ ಸೇರಿಸಿ ತವರ್ಗಕ್ಕೆ ದಂತ್ಯವೆಂದು ಹೆಸರಿಟ್ಟರು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದದ ಉತ್ಪತ್ತಿಯನ್ನು ಹೇಳುವಾಗ ದೇಹವನ್ನೇ ವಾದ್ಯವೆಂದು ಭಾವಿಸಿದ್ದಾನೆ. ಆ ವಾದ್ಯದ ಒಂದು ಭಾಗವು ಕೆಟ್ಟರೆ ನುಡಿಯೂ ಕೆಡುವುದೆಂಬುದು ಇದರಿಂದ ತಾನಾಗಿಯೇ ಸಿದ್ಧವಾಗುತ್ತದೆ.

ಜನರ ನುಡಿಯಲ್ಲಿ ಎಲ್ಲರೂ ಬಲ್ಲ ಗಾದೆಯೊಂದಿದೆ: ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಇದು ಕವಿಸಮಯಕ್ಕಿಂತ ಸತ್ಯಕ್ಕೆ ಹತ್ತಿರವಾದುದು. ಹಲ್ಲೆಂದರೆ ಅಗಿಯುವ ಸಾಧನವೆಂಬುದನ್ನು ಅದು ಮರೆತಿಲ್ಲ. ಆದರೆ ಗಾದೆಯು ಎರಡೇ ಕಾಲಗಳನ್ನು ಬಲ್ಲುದು: ಹಲ್ಲಿದ್ದ ಯೌವನ, ಹಲ್ಲಿಲ್ಲದ ಮುಪ್ಪು. ಯೌವನದಲ್ಲಿಯೇ ಹಲ್ಲಿಲ್ಲದವನಿಗೆ ಅದರಲ್ಲಿ ಸ್ಥಳವಿಲ್ಲ. ಸೀಳು ಅಂಗುಳದೊಡನೆ ಹುಟ್ಟಿ ಕೆಲವು ಹಲ್ಲುಗಳು ಮೂಡದವರು, ಚರ್ಮ ಕೂದಲು ಹಲ್ಲುಗಳ ಬೆಳವಣಿಗೆಯೇ ಕುಂಠಿತವಾದವರು, ಸೆರೆಬ್ರಲ್ ಪಾಲ್ಸಿಯಿಂದ ಕೈ ಸ್ವಾಧೀನದಲ್ಲಿಲ್ಲದೆ ಹಲ್ಲುಜ್ಜಲಾರದವರು, ಮೂರ್ಛೆರೋಗದಲ್ಲಿ ಬಿದ್ದು ಹಲ್ಲು ಮುರಿದುಕೊಂಡವರು, ಇವರೆಲ್ಲರೂ ಗಾದೆಯ ಹೊರಗೆ ಉಳಿದವರು. ಇವರ ಬಾಯಿಯನ್ನು ಕಂಡಾಗಲೂ ನಮ್ಮ ಮನಸ್ಸು ಮುಪ್ಪಿನ ಗಾದೆಯನ್ನೇ ನೆನೆದು, ಇದು ವಿಧಿಯೆಂದು ಸುಮ್ಮನಾಗುತ್ತದೆ.

ವಸ್ತುಸ್ಥಿತಿಯನ್ನು ನೋಡಿದರೆ ಈ ಚಿಕಿತ್ಸೆಯ ಇತಿಹಾಸವೇ ಇಂತಹ ಒಬ್ಬ ರೋಗಿಯಿಂದ ಆರಂಭವಾಯಿತು. ಸ್ವೀಡನ್ ದೇಶದ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕರು ೧೯೫೦ರ ದಶಕದಲ್ಲಿ ಮೊಲದ ಕಾಲಿನ ಎಲುಬಿನಲ್ಲಿಟ್ಟ ಟೈಟಾನಿಯಮ್ ಉಪಕರಣವು ಎಲುಬಿಗೆ ಅಂಟಿಕೊಂಡು ಬಿಡಿಸಲು ಬಾರದಂತಾದುದನ್ನು ಕಂಡರು. ೧೯೬೫ರಲ್ಲಿ ಅವರು ಮನುಷ್ಯರಲ್ಲಿ ಮೊದಲ ಬಾರಿಗೆ ಈ ಚಿಕಿತ್ಸೆಯನ್ನು ಮಾಡಿದ ರೋಗಿಯು ಹುಟ್ಟಿನಿಂದಲೇ ಸೀಳು ಅಂಗುಳವೂ ದವಡೆಯ ವಿಕಾರವೂ ಇದ್ದವನು. ಆ ಲೋಹವು ಅವನ ಬಾಯಿಯಲ್ಲಿ ನಾಲ್ವತ್ತು ವರ್ಷಗಳಿಗೂ ಮೀರಿ ಕೆಲಸ ಮಾಡಿತು. ಇಂದು ಸಿರಿವಂತರ ನಗುವಿನ ಅಂದಕ್ಕಾಗಿ ಇರುವುದೆಂದು ಜನರು ತಿಳಿದ ಚಿಕಿತ್ಸೆಯು ಉಣಲೂ ನುಡಿಯಲೂ ಕಷ್ಟಪಡುತ್ತಿದ್ದ ಒಬ್ಬನಿಗಾಗಿ ಮೊದಲು ನಡೆಯಿತೆಂಬುದನ್ನು ಮರೆಯತಕ್ಕದ್ದಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಸುಳ್ಯವನ್ನು ದಾಟಿದ ಮೇಲೆ ಅಡಿಕೆತೋಟಗಳ ನಡುವೆ ಅರಂತೋಡು ಸಿಕ್ಕುತ್ತದೆ. ಅರೆಭಾಷೆ, ತುಳು, ಕನ್ನಡಗಳು ಒಂದೇ ಅಂಗಳದಲ್ಲಿ ಕೇಳಿಬರುವ ಊರು ಅದು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಪ್ರಯತ್ನದಿಂದ ೧೯೯೧ರಲ್ಲಿ ದಂತವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪಿತವಾಯಿತು. ಹೀಗೆ ಹಳ್ಳಿಯ ಮನೆಗೂ ದಂತಶಾಸ್ತ್ರಕ್ಕೂ ನಡುವಿನ ದೂರವು ಕೆಲವೇ ಮೈಲಿಗಳಷ್ಟಾಯಿತು. ಮಾತಿನ ದೂರವು ಮಾತ್ರ ಇನ್ನೂ ಉಳಿದಿದೆ. ಅಡಿಕೆಯ ಸೀಮೆಯಲ್ಲಿ ಹಲ್ಲುಹೋದ ಹಿರಿಯರು ಎಲೆಯಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುವುದುಂಟು. ಬಾಯಿಯ ಕೆಲಸವನ್ನು ಕೈಯು ಮಾಡಿಕೊಡುತ್ತದೆ. ಕೈಯೂ ವಶದಲ್ಲಿಲ್ಲದವರಿಗೆ ಕುಟ್ಟಾಣಿಯೂ ಇಲ್ಲ. ಮೆತ್ತಗಿನ ಗಂಜಿಯೇ ಗತಿ. ಅವರಿಗೆ ತೆಗೆದಿಡುವ ಹಲ್ಲುಸೆಟ್ಟನ್ನು ಕೊಟ್ಟರೆ ಬಾಯಿಯಲ್ಲಿ ನಿಲ್ಲಿಸಿಕೊಳ್ಳುವುದು ಕಷ್ಟ. ಮೂರ್ಛೆಯ ಹೊತ್ತಿನಲ್ಲಿ ಅದು ಗಂಟಲಿಗೆ ಇಳಿಯುವ ಭಯವೂ ಉಂಟು. ಎಲುಬಿಗೆ ಬಿಗಿದ ಹಲ್ಲಿನ ಪ್ರಯೋಜನವು ಇಂತಹವರಲ್ಲಿಯೇ ಹೆಚ್ಚು. ಅದನ್ನು ಕಾಪಾಡುವ ಕಷ್ಟವೂ ಇವರಲ್ಲಿಯೇ ಹೆಚ್ಚು.

ಈಗ ಶಬ್ದವನ್ನು ಪರೀಕ್ಷಿಸೋಣ. ‘ದಂತಕಸಿ’ಯು ಸಂಸ್ಕೃತಕ್ಕೆ ಕನ್ನಡವನ್ನು ಬೆಸೆದ ಅರಿಸಮಾಸವೆಂಬುದು ವೈಯಾಕರಣರಿಗೆ ಒಡನೆ ಕಾಣುವ ದೋಷ. ರೂಢಿಯು ಬಲವಾದರೆ ಅದನ್ನು ಕ್ಷಮಿಸಬಹುದು. ಅರ್ಥದ ದೋಷವು ಇದಕ್ಕಿಂತ ದೊಡ್ಡದು. ತೋಟಗಾರನಿಗೆ ಕಸಿಯೆಂದರೆ ಎರಡು ಜೀವಂತ ಕೊಂಬೆಗಳ ಕೂಡಿಕೆ. ಮೂತ್ರಪಿಂಡದ ಕಸಿಯೆಂಬಲ್ಲಿ ಒಬ್ಬರ ಅಂಗವನ್ನು ಮತ್ತೊಬ್ಬರಿಗೆ ಇಡುವರೆಂದು ಎಲ್ಲರೂ ತಿಳಿದಿದ್ದಾರೆ. ಅದೇ ಜಾಡಿನಲ್ಲಿ ‘ದಂತಕಸಿ’ಯನ್ನು ಕೇಳಿದವನು, ಯಾರ ಹಲ್ಲನ್ನು ತಂದು ಇಡುವರೆಂದು ಶಂಕಿಸಿದರೆ ತಪ್ಪು ಅವನದಲ್ಲ.

ಇದಕ್ಕೆ ಬದಲಾಗಿ ‘ನಾಟಿ’ಯೆಂದರಾಗದೆ ಎಂದು ಕೆಲವರು ಹೇಳಬಹುದು. ನಟ್ಟ ಮೇಲೆ ಆರೈಕೆ ಬೇಕೆಂಬ ಭಾವವು ಅದರಲ್ಲಿದೆ. ಅದು ಗುಣವೇ ಸರಿ. ಆದರೆ ನಾಟಿಯ ಸಸಿಯು ಬೆಳೆಯುತ್ತದೆ, ಲೋಹವು ಬೆಳೆಯುವುದಿಲ್ಲ. ಇದು ಕೇವಲ ಅಲಂಕಾರದ ಮಾತಲ್ಲ. ಹುಟ್ಟುಹಲ್ಲು ಬೆಳೆಯುವ ದವಡೆಯೊಡನೆ ತಾನೂ ಸರಿಯುತ್ತದೆ. ಕೂರಿಸಿದ ಲೋಹವು ಇಟ್ಟಲ್ಲಿಯೇ ನಿಂತು, ಸುತ್ತಲಿನ ಎಲುಬು ಬೆಳೆದಂತೆ ತಾನು ತಗ್ಗಿನಲ್ಲಿ ಉಳಿದುಬಿಡುತ್ತದೆ. ಆದುದರಿಂದಲೇ ವೈದ್ಯರು ಸಾಮಾನ್ಯವಾಗಿ ಬೆಳವಣಿಗೆಯು ಮುಗಿಯುವ ತನಕ ಕಾಯುವರು. ಎಳೆಯ ಮಗುವಿನ ತಾಯಿಗೆ ‘ನಾಟಿ’ಯೆಂದು ಹೇಳಿದರೆ, ಬೇಗ ನಟ್ಟರೆ ಮಗುವಿನೊಡನೆ ಬೆಳೆಯುವುದೆಂದು ಆಕೆ ನಂಬುವಳು. ತಿಳಿಯಬೇಕಾದ ಮುಖ್ಯ ಸಂಗತಿಯಲ್ಲಿಯೇ ಶಬ್ದವು ದಾರಿ ತಪ್ಪಿಸಿದಂತಾಯಿತು. ‘ಇಂಪ್ಲಾಂಟ್’ ಎಂಬ ಆಂಗ್ಲಶಬ್ದವು ಯಾರನ್ನೂ ದಾರಿ ತಪ್ಪಿಸುವುದಿಲ್ಲವಾದರೂ ದಾರಿಯನ್ನೂ ತೋರಿಸುವುದಿಲ್ಲ. ‘ಕೃತಕ ದಂತಮೂಲ’ವೆಂದರೆ, ವರ್ಣಶಿಕ್ಷೆಯಲ್ಲಿ ದಂತಮೂಲಕ್ಕೆ ಒಸಡಿನ ಬುಡವೆಂಬ ಅರ್ಥವು ಮೊದಲೇ ನಿಂತಿರುವುದರಿಂದ ಗೊಂದಲವಾಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ‘ಲೋಹದ ಬೇರು’ ಎಂಬ ಮಾತು ಇವೆಲ್ಲಕ್ಕಿಂತ ಮೇಲು. ಕೂರಿಸುವುದು ಹಲ್ಲನ್ನಲ್ಲ, ಹಲ್ಲಿನ ಬೇರಿನ ಸ್ಥಾನದಲ್ಲಿ ನಿಲ್ಲುವ ವಸ್ತುವನ್ನು ಎಂಬುದು ಇದರಲ್ಲಿ ಸ್ಪಷ್ಟವಾಗಿದೆ. ಬೇರೆಂದರೆ ಬೆಳೆಯುವುದೆಂಬ ಶಂಕೆಯನ್ನು ‘ಲೋಹದ’ ಎಂಬ ವಿಶೇಷಣವು ತಡೆಯುತ್ತದೆ. ಬೇರಿನ ಸುತ್ತ ಕೊಳೆ ನಿಂತರೆ ಗಿಡವು ಅಲುಗುವುದೆಂಬ ರೈತನ ತಿಳಿವಳಿಕೆಯೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಲೋಹಕ್ಕೆ ಹುಳುಕು ಹಿಡಿಯದಿದ್ದರೂ ಸುತ್ತಲಿನ ಒಸಡು ಕೀತು ಎಲುಬು ಕರಗಬಹುದು. ತಾನೇ ಬಾಯಿಯನ್ನು ಶುಚಿಮಾಡಿಕೊಳ್ಳಲಾರದ ರೋಗಿಗೆ ಮನೆಯವರ ಕೈಯೇ ದಿನದಿನವೂ ಆ ಕೆಲಸವನ್ನು ಮಾಡಬೇಕು. ಒಪ್ಪಿಗೆಯೆಂದರೆ ಶಸ್ತ್ರಚಿಕಿತ್ಸೆಗೆ ಮಾತ್ರವಲ್ಲದೆ ವರ್ಷಗಟ್ಟಲೆ ನಡೆಯತಕ್ಕ ಈ ಸೇವೆಗೂ ಕೊಟ್ಟ ಮಾತು. ಇದನ್ನು ಮೊದಲೇ ತಿಳಿಸದ ಹೆಸರು ಒಳ್ಳೆಯ ಹೆಸರಲ್ಲ.

ರೋಗಿಗಳನ್ನು ಕರೆಯುವ ಮಾತಿನಲ್ಲಿಯೂ ಇದೇ ಎಚ್ಚರವು ಬೇಕು. ‘ಅಂಗವಿಕಲ’ವನ್ನು ಬಿಟ್ಟು ‘ವಿಕಲಚೇತನ’ವನ್ನು ತಂದವರ ಉದ್ದೇಶವು ಸಾಧುವಾದುದು, ಆದರೆ ಕೊರತೆಯನ್ನು ಅಂಗದಿಂದ ಚೇತನಕ್ಕೇ ಏರಿಸಿದಂತಾಯಿತೆಂಬುದನ್ನು ಯಾರೂ ಗಮನಿಸಿದಂತಿಲ್ಲ. ಈಚಿನ ‘ವಿಶೇಷ ಅಗತ್ಯವುಳ್ಳವರು’ ಎಂಬುದು ಸೌಮ್ಯವಾದ ಮಾತು. ಆದರೆ ಅನ್ನವನ್ನು ಅಗಿಯುವುದು, ತನ್ನ ಹೆಸರನ್ನು ತಾನು ಸ್ಫುಟವಾಗಿ ಹೇಳುವುದು ವಿಶೇಷವಾದ ಅಗತ್ಯವೇನು? ಅಗತ್ಯವು ನಮ್ಮದೇ, ಅದನ್ನು ಪೂರೈಸುವ ಉಪಾಯವು ಮಾತ್ರ ವಿಶೇಷವಾದುದು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಆಶಯವೂ ಇದಕ್ಕೆ ದೂರವಾದುದಲ್ಲ.

ಶಾಸ್ತ್ರವಿಷಯಗಳನ್ನು ತಿಳಿಗನ್ನಡದಲ್ಲಿ ಹೇಳುವ ಕಾರ್ಯವು ನಮಗೆ ಹೊಸದಲ್ಲ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅರಂತೋಡಿಗೆ ಬಹುದೂರವಲ್ಲದ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನೂ ‘ವಿಜ್ಞಾನಪ್ರಪಂಚ’ವನ್ನೂ ಬರೆದರು. ಆ ಪರಂಪರೆಯು ಪುಸ್ತಕಗಳಲ್ಲಿಯೇ ನಿಲ್ಲದೆ ಆಸ್ಪತ್ರೆಯ ಒಪ್ಪಿಗೆಪತ್ರದವರೆಗೂ ಇಳಿಯತಕ್ಕದ್ದು. ಸಾಹಿತ್ಯದ ಉಪಾಧ್ಯಾಯರು ಅಂತಹ ಒಂದು ಪತ್ರವನ್ನು ತರಗತಿಯಲ್ಲಿ ಗದ್ಯಭಾಗವಾಗಿ ಓದಿಸಿ, ಯಾವ ಮಾತು ತಿಳಿಯದೆಹೋಯಿತೆಂದು ವಿದ್ಯಾರ್ಥಿಗಳನ್ನು ಕೇಳಲಿ. ಅವರಿಗೆ ತಿಳಿಯದ ಮಾತು ಅರಂತೋಡಿನ ತಾಯಿಗೂ ತಿಳಿಯುವ ಸಂಭವವು ಕಡಮೆ. ಆಕೆಯಾದರೋ ಅದರ ಕೆಳಗೆ ರುಜುಮಾಡಬೇಕಾದವಳು.