ಡ್ರಾಕುಲಾ ಬೇತಾಳನೇ?

ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯ ಹೆಸರೆತ್ತಿದೊಡನೆ ನಮ್ಮ ರಾಯಚೂರು ಸೀಮೆಯ ಪಂಡಿತರಲ್ಲಿ ಕೆಲವರು, ‘ಅದು ಬೇತಾಳನ ಕಥೆ, ಹುಡುಗರಿಗಾದೀತು’ ಎಂದು ಬದಿಗಿಡುವರು. ಈ ತಪ್ಪು ಸಮೀಕರಣಕ್ಕೆ ದಾರಿ ತೋರಿದವರು ಇಂಗ್ಲಿಷರೇ. ರಿಚರ್ಡ್ ಬರ್ಟನ್ನನು 1870ರಲ್ಲಿ ವಿಕ್ರಮ-ಬೇತಾಳರ ಕಥೆಗಳನ್ನು ತನ್ನ ಭಾಷೆಗೆ ತರುವಾಗ ಬೇತಾಳನಿಗೆ ‘ವ್ಯಾಂಪೈರ್’ ಎಂದು ಹೆಸರಿಟ್ಟನು. ಸೋಮದೇವನ ಕಥಾಸರಿತ್ಸಾಗರವನ್ನು ಓದಿದವರು ಇದನ್ನೊಪ್ಪಲಾರರು. ಶಿಂಶಪಾವೃಕ್ಷದಲ್ಲಿ ತೂಗುವ ಹೆಣವನ್ನು ಹೊಕ್ಕ ಆ ಬೇತಾಳನು ಅರಸನಿಗೆ ಕಥೆ ಹೇಳುವನು, ಪ್ರಶ್ನೆ ಕೇಳುವನು, ಕಟ್ಟಕಡೆಗೆ ಭಿಕ್ಷುವಿನ ಕಪಟವನ್ನು ತಿಳಿಸಿ ಅವನ ಪ್ರಾಣವನ್ನೇ ಉಳಿಸುವನು. ಸ್ಟೋಕರನ ಕೌಂಟನಲ್ಲಿ ಈ ಔದಾರ್ಯವೆಲ್ಲಿಯದು?

ನಮ್ಮ ಪುರಾಣಗಳಲ್ಲಿ ಅವನಿಗೊಬ್ಬ ಬಂಧುವನ್ನು ಹುಡುಕುವದಾದರೆ, ನನ್ನ ಮತದಲ್ಲಿ ಅವನು ಯಯಾತಿ. ಕೋಟೆಯೊಳಗೆ ಪೆಟ್ಟಿಗೆಯಲ್ಲಿ ಮಲಗಿದ ಕೌಂಟನ ನರೆಗೂದಲು ಕಪ್ಪಿಗೆ ತಿರುಗಿರುವದನ್ನೂ ಬತ್ತಿದ ಕೆನ್ನೆಗಳು ತುಂಬಿರುವದನ್ನೂ ಹಾರ್ಕರನು ಕಾಣುವ ಪ್ರಸಂಗವೊಂದಿದೆ. ಗ್ರಂಥದ ಭಯಾನಕರಸವು ನೆಲೆಸಿರುವದು ಅಲ್ಲಿ, ಕೋರೆಹಲ್ಲುಗಳಲ್ಲಲ್ಲ. ಮುದುಕನು ಎಳೆಯರ ಆಯುಷ್ಯವನ್ನುಂಡು ಹರೆಯಕ್ಕೆ ಮರಳುತ್ತಿದ್ದಾನೆ! ಯಯಾತಿಯೂ ಬಯಸಿದ್ದು ಹರೆಯವನ್ನೇ. ಆದರೆ ಅವನು ಮಕ್ಕಳನ್ನು ಕೇಳಿದನು. ನಾಲ್ವರು ಒಲ್ಲೆವೆಂದರು, ಪೂರುವು ಕೊಟ್ಟನು, ತಂದೆಯು ಕಾಲಾಂತರದಲ್ಲಿ ಅದನ್ನು ಹಿಂದಿರುಗಿಸಿದನು. ಕೌಂಟನಿಗೂ ಒಂದು ಕಟ್ಟಳೆಯುಂಟು: ಮನೆಯವರಲ್ಲೊಬ್ಬರು ಕರೆಯದೆ ಅವನು ಯಾವ ಮನೆಯನ್ನೂ ಮೊದಲ ಸಲ ಹೊಗಲಾರನು. ಹೊಸ್ತಿಲಿಗೆ ಅಪ್ಪಣೆ ಬೇಕು, ನೆತ್ತರಿಗೆ ಬೇಡ.

ಕಾದಂಬರಿಯ ತಿರುಳು ಲೂಸಿಯ ಪ್ರಕರಣ. ಆಕೆಯು ದಿನದಿನಕ್ಕೆ ಬಿಳಿಚಿದಂತೆಲ್ಲ ಆರ್ಥರ್, ಸೀವರ್ಡ್, ವಾನ್ ಹೆಲ್ಸಿಂಗ್, ಕ್ವಿನ್ಸಿ ಮಾರಿಸ್ ಎಂಬ ನಾಲ್ವರು ಒಬ್ಬರಾದ ಮೇಲೊಬ್ಬರು ತಮ್ಮ ರಕ್ತವನ್ನು ಆಕೆಯ ಮೈಗೆ ಹಾಯಿಸುವರು. (ರಕ್ತದ ಗುಂಪುಗಳನ್ನು ಲ್ಯಾಂಡ್‌ಸ್ಟೈನರನು ಕಂಡುಹಿಡಿದದ್ದು 1901ರಲ್ಲಿ, ಈ ಚಿಕಿತ್ಸೆಯನ್ನು ಕಂಡು ಇಂದಿನ ವೈದ್ಯರು ಬೆಚ್ಚಿಯಾರು. ಕಾವ್ಯಕ್ಕೆ ಅದೇನೂ ದೋಷವಲ್ಲ.) ಇಲ್ಲಿ ಮಾನವಿ, ದೇವದುರ್ಗಗಳ ವಾಚಕನಿಗೆ ಬೇರೊಂದು ದಾನವು ನೆನಪಾಗದಿರದು. ಜಗನ್ನಾಥದಾಸರು ಇನ್ನೂ ಶ್ರೀನಿವಾಸಾಚಾರ್ಯರಾಗಿದ್ದಾಗ ವಿಜಯದಾಸರನ್ನು ಅವಗಣಿಸಿ ಘೋರವ್ಯಾಧಿಗೆ ತುತ್ತಾದರೆಂದೂ, ಗುರುಗಳ ಅಪ್ಪಣೆಯಂತೆ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದೊಳಗಿನ 40 ವರುಷಗಳನ್ನು ಅವರಿಗೆ ಧಾರೆಯೆರೆದರೆಂದೂ ನಮ್ಮ ಐತಿಹ್ಯ. ಆ ವರುಷಗಳು ಹರಿಕಥಾಮೃತಸಾರವಾಗಿ ಫಲಿಸಿದವು. ಲೂಸಿಗೆ ನಾಲ್ವರಿತ್ತ ರಕ್ತವಾದರೋ ಅವಳ ಮೈಯಲ್ಲಿ ಒಂದೆರಡು ದಿನ ನಿಂತು ಕೌಂಟನ ಹೊಟ್ಟೆಯನ್ನೇ ಸೇರುವದು. ಕೊಟ್ಟವರ ಪ್ರೀತಿಯೇ ಕಳ್ಳನಿಗೆ ಉಣಿಸಾಗುವ ಈ ಕ್ರೌರ್ಯವನ್ನು ಸ್ಟೋಕರನು ಒಂದೇ ಒಂದು ಉದ್ಗಾರವಿಲ್ಲದೆ ಬರೆದಿರುವನು. ಅವನ ಶಕ್ತಿಯು ಅಲ್ಲಿ ಕಾಣುವದು.

ಅದೇ ಪ್ರಕರಣದಲ್ಲಿ ಲೂಸಿಯ ತಾಯಿಯ ಸಂಗತಿಯಿದೆ. ವಾನ್ ಹೆಲ್ಸಿಂಗನು ಮಗಳ ಕೋಣೆಯ ತುಂಬ ಬೆಳ್ಳುಳ್ಳಿಯ ಹೂಗಳನ್ನಿರಿಸಿ ಹೋಗುವನು. (ಬೆಳ್ಳುಳ್ಳಿಯನ್ನು ಒಳಗೆ ಬಿಡದ ನಮ್ಮ ಮಡಿಯ ಅಡಿಗೆಮನೆಗಳ ಗತಿಯೇನೋ!) ತಾಯಿಯು ಹೃದ್ರೋಗಿಯೆಂದು ಯಾರೂ ಆಕೆಗೆ ನಿಜವನ್ನು ತಿಳಿಸಿಲ್ಲ. ವಾಸನೆಯು ಮಗಳಿಗೆ ಕೆಟ್ಟದೆಂದು ಆಕೆ ಹೂಗಳನ್ನು ತೆಗೆದುಹಾಕಿ, ಗಾಳಿಯಾಡಲೆಂದು ಕಿಟಕಿಯನ್ನು ತುಸು ತೆರೆಯುವಳು. ಮರುದಿನ ಅದನ್ನು ವೈದ್ಯನಿಗೆ ಸಂತೋಷದಿಂದ ಹೇಳುವಳು. ಭಯಾನಕದ ಪಕ್ಕದಲ್ಲಿ ಕರುಣವನ್ನು ಹೀಗೆ ನಿಲ್ಲಿಸುವದು ಸಾಮಾನ್ಯ ಲೇಖಕನ ಕೈಗೆ ದಕ್ಕುವ ಕೆಲಸವಲ್ಲ.

ಉತ್ತರಾರ್ಧವು ಈ ಎತ್ತರದಲ್ಲಿಲ್ಲ. ಮಣ್ಣಿನ 50 ಪೆಟ್ಟಿಗೆಗಳ ಲೆಕ್ಕ, ರೈಲುಗಳ ವೇಳೆ, ಬೆನ್ನಟ್ಟುವ ಅವಸರ, ಇವೇ ಹೆಚ್ಚು. ಇಷ್ಟೆಲ್ಲ ಕಾಡಿದ ಕೌಂಟನು ಸೂರ್ಯಾಸ್ತದ ಹೊತ್ತಿಗೆ ನಾಲ್ಕು ಸಾಲುಗಳಲ್ಲಿ ಪುಡಿಯಾಗುವನು. ವ್ಯವಧಾನವಿಲ್ಲದವರು ಆ ಅಧ್ಯಾಯಗಳನ್ನು ಹಾರಿಸಿ ಓದಿದರೂ ನಷ್ಟವಿಲ್ಲ. ಲೂಸಿಯ ಪ್ರಕರಣವನ್ನು ಮಾತ್ರ, ಬೇತಾಳನನ್ನು ಮರೆತು, ನಿಧಾನವಾಗಿ ಓದತಕ್ಕದ್ದು.